ಮಾವನ ಹೆಬ್ಬೆರಳು

ಗಂಡ ಬೆಟ್ಟ ಹತ್ತಿಳಿಯುವ ಸೈಕಲ್ಲಿನ ಸವೆದ ಟೈರನ್ನು ಸೊಸೆ ಮಾವನ ರಿಪೇರಿ ಮೇಜಿನ ಮೇಲೆ ದೊಪ್ಪನೆ ಎಸೆದಳು. "ಇನ್ನೂ ಒಂದು ವರ್ಷ ಬರುತ್ತೆ, ಬದಲಾಯಿಸೋದು ಬೇಡ ಅಂದ್ರಲ್ಲ ಮಾವ? ಮೊದಲನೇ ಇಳಿಜಾರಿನಲ್ಲೇ ಜಾರಿತು. ನಿಮ್ಮ ಮಗನ ಭುಜದ ಮೂಳೆ ಎರಡು ತುಂಡು."

"ಅವನಿಗೆ ಬ್ರೇಕ್ ಹಿಡಿಯೋಕೆ ಬರಲ್ಲ, ಅದಕ್ಕೆ ನನ್ನ ಮೇಲೆ ಹಾರಾಡ್ತೀಯ. ಟೈರು ನೋಡೋಕೆ ನನಗೆ ಕಣ್ಣೂ ಬೇಡ, ಈ ಹೆಬ್ಬೆರಳು ಸಾಕು. ನಲವತ್ತು ವರ್ಷದಿಂದ ತಪ್ಪಿಲ್ಲ."

"ಹಾಗಾದ್ರೆ ಅದರಲ್ಲೇ ನೋಡಿ." ಅವಳು ಸಿಟ್ಟಿನಿಂದ ಮಾವನ ಕೈ ಎಳೆದು, ರಬ್ಬರಿನ ಹಲ್ಲುಗಳೆಲ್ಲ ಸವೆದು ಒಳಗಿನ ನೂಲು ಎದ್ದಿದ್ದ ಜಾಗಕ್ಕೇ ಒತ್ತಿದಳು. "ಹೇಳಿ, ಎಲ್ಲಿದೆ ಹಲ್ಲು?"

ಅವರು ಅವಳನ್ನೇ ದುರುಗುಟ್ಟಿ ನೋಡುತ್ತಾ, ಹೆಬ್ಬೆರಳನ್ನು ಟೈರಿನುದ್ದಕ್ಕೂ ನಿಧಾನವಾಗಿ ಆಡಿಸಿದರು. "ಇದೆಯಲ್ಲ. ಒಂದೊಂದೂ ಗಟ್ಟಿಯಾಗಿ ಸಿಗ್ತಿದೆ."

ಇನ್ನಷ್ಟು ಬೈಯಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಟೈರಿನ ಮೇಲೆ ಕೆಂಪು ಗೆರೆ ಕಾಣಿಸಿತು. ರಬ್ಬರಿನಲ್ಲಿ ಮುರಿದು ನಿಂತಿದ್ದ ಮುಳ್ಳೊಂದು ಅವರ ಬೆರಳನ್ನು ಸೀಳಿತ್ತು. ರಕ್ತ ಇಳಿಯುತ್ತಿದ್ದರೂ ಅದು ಗೊತ್ತೇ ಆಗದವರಂತೆ ಮಾವ ಮುಖ ಕೂಡ ಕಿವುಚದೆ ತಡವುತ್ತಲೇ ಇದ್ದರು. ಅವಳು ಆ ಕೈಯನ್ನು ಟೈರಿನಿಂದ ಮೆಲ್ಲಗೆ ಎತ್ತಿ, ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು.