ನಾಗವೇಣಿಯ ಕಾಲು ನೆಲ ಬಿಟ್ಟಾಗ

ಜನ ಯಾರನ್ನು ನಂಬುತ್ತಾರೋ ಅವರ ಕಾಲು ನೆಲ ಬಿಟ್ಟು ಮೇಲೇಳತೊಡಗಿ ಆಗಲೇ ಹತ್ತು ವರ್ಷವಾಗಿತ್ತು. ಹೀಗಾಗಿ ಧಾರವಾಡದಲ್ಲಿ ಕಾನೂನು ಮತ್ತು ಎಂಬಿಎ ವಿದ್ಯಾರ್ಥಿಗಳ ನಾಯಕತ್ವ ಶಿಬಿರವನ್ನು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಯೇ ನಡೆಸುತ್ತಿದ್ದರು. ಕೊನೆಯ ದಿನದ ಹೊತ್ತಿಗೆ ಎಲ್ಲರೂ ಒಂದು ಗೇಣಾದರೂ ಎದ್ದಿದ್ದರು. ಕಾನೂನು ಓದುವ ನಾಗವೇಣಿ ಬಡಿಗೇರ ಮಾತ್ರ ಬೆರಳಿನಷ್ಟೂ ಎದ್ದಿರಲಿಲ್ಲ. ಇವತ್ತೂ ಏಳದಿದ್ದರೆ ಅವಳು ಫೇಲು.

ಎಂಬಿಎಯ ಇಮ್ತಿಯಾಜ್ ಭಾಷಣ ಶುರುಮಾಡಿದ. ಚಪ್ಪಾಳೆ ಬಿದ್ದಂತೆಲ್ಲ ಮೇಲೇರಿದ. ಸೆಕೆಗೆ ಯಾರೋ ಕಿಟಕಿ ತೆರೆದಿದ್ದರು. ಬೀಸಿದ ಗಾಳಿಗೆ ಅವನು ತೇಲುತ್ತಾ ಹೊರಗೇ ಹೋಗಿಬಿಟ್ಟ! ಅದು ಮೂರನೇ ಮಹಡಿ. ಒಳಗಿದ್ದವರು ಹೆದರಿ ಕಿರುಚಿದರು. ಅವರ ನಂಬಿಕೆ ಅಲುಗಿದ್ದೇ ತಡ, ಇಮ್ತಿಯಾಜ್ ದಸಕ್ಕನೆ ಒಂದು ಮಾರು ಕುಸಿದ.

"ಚೀರಬ್ಯಾಡ್ರಿ!" ನಾಗವೇಣಿ ಕೂಗಿದಳು. "ಅಂವಾ ಬೀಳೂದಿಲ್ಲ ಅಂತ ನಂಬ್ರಿ! ದುಪಟ್ಟಾ ಕೊಡ್ರಿ, ಗಂಟ ಹಾಕ್ರಿ ಲಗೂನ!"

ಎಲ್ಲರೂ ಅವಳು ಹೇಳಿದಂತೆ ಮಾಡಿದರು. ಅವಳ ಎರಡನೇ ಎಸೆತಕ್ಕೆ ದುಪಟ್ಟಾದ ತುದಿ ಇಮ್ತಿಯಾಜನ ಕೈಗೆ ಸಿಕ್ಕಿತು. ಗಾಳಿಪಟದಂತೆ ಅವನನ್ನು ಒಳಗೆಳೆದುಕೊಂಡರು. ಅವನು ಬೆಂಚನ್ನು ತಬ್ಬಿ ಕೂತ.

ನಾಗವೇಣಿ ಉಸಿರುಬಿಟ್ಟು ತಿರುಗಿದಾಗ ಎಲ್ಲರೂ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು. ಅವಳ ನೆತ್ತಿ ಟಪ್ಪೆಂದು ಛಾವಣಿಗೆ ತಾಗಿತು. ಎರಡೂ ಕೈಯಿಂದ ಛಾವಣಿಯನ್ನು ಒತ್ತಿ ನೋಡಿದಳು; ಕೆಳಗಿಳಿಯಲಾಗಲಿಲ್ಲ.

"ಮೇಡಂ, ಇಳಿಯೂದು ಹೆಂಗ್ರೀ?"

"ಇವರ ನಂಬಿಕಿ ತಗ್ಗಿದರ ತಾನ ಇಳೀತಿ ಬಿಡವಾ," ಎಂದರು ತರಬೇತಿ ಕೊಡುವ ಸುಲೋಚನಾ ಮೇಡಂ.

ಊಟದ ಹೊತ್ತಾದರೂ ಅದು ತಗ್ಗಲಿಲ್ಲ. ಇಮ್ತಿಯಾಜ್ ಬೆಂಚು ಹತ್ತಿ ರೊಟ್ಟಿ, ಪಲ್ಯ ಎತ್ತಿ ಕೊಟ್ಟ. ಅವಳು ಛಾವಣಿಗೆ ಬೆನ್ನು ಹಚ್ಚಿ, ಬಿದ್ದು ಬಿದ್ದು ನಗುತ್ತಾ ತಿಂದಳು.