ಮಾತಾಡದ ಕಡಲು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತಿದ್ದೇನೆ. ಸ್ಪೀಕರಿನಲ್ಲಿ ಮೆಲ್ಲನೆಯ ಇಂಗ್ಲಿಷ್ ಹಾಡು, ಅದರ ಹಿಂದೆ ಯಾರೋ ಸೇರಿಸಿದ ಅಲೆಗಳ ಸದ್ದು.

ಅಂಥದೇ ಹಾಡನ್ನು ಒಂದು ಭಾನುವಾರ ಮಧ್ಯಾಹ್ನ ಅಮ್ಮ ಈಸ್ಟ್ ಕೋಸ್ಟ್ ಬೀಚಿನಲ್ಲಿ ಫೋನಿನಲ್ಲಿ ಹಾಕಿಕೊಂಡು ಕೂತಿದ್ದಳು. ಹಳೆಯ ಬೆಡ್‌ಶೀಟಿನ ಮೇಲೆಲ್ಲ ಮರಳು, ಸ್ಟೀಲ್ ಡಬ್ಬಿಯಲ್ಲಿ ಆರಿದ ಅವಲಕ್ಕಿ. ಅಪ್ಪ ದೂರದ ಮರದ ಕೆಳಗೆ ಆಫೀಸ್ ಕಾಲ್‌ನಲ್ಲಿದ್ದರು. ಎದುರಿಗೆ ಹಡಗುಗಳು ಸಾಲಾಗಿ ನಿಂತಿದ್ದವು. ನೀರು ದಡವನ್ನು ನೆಕ್ಕಿ ಸುಮ್ಮನೆ ಹಿಂದೆ ಸರಿಯುತ್ತಿತ್ತು.

"ಸಮುದ್ರ ಇಲ್ಲೇ ಇದೆಯಲ್ಲಮ್ಮಾ, ಫೋನಲ್ಲೂ ಅಲೆ ಯಾಕೆ?" ಎಂದೆ.

"ಈ ದೇಶದ ಕಡಲು ಮಾತೇ ಆಡಲ್ವಲ್ಲ ಪುಟ್ಟಿ," ಎಂದಳು ಅಮ್ಮ. "ನಮ್ಮ ಮರವಂತೇಲಿ ಅಡುಗೆಮನೇಲಿ ನಿಂತ್ರೂ ಕೇಳ್ಸೋದು. 'ಇವತ್ತು ಕಡಲಿಗೆ ಸಿಟ್ಟು ಬಂದಿದೆ' ಅಂತ ನಿನ್ನಜ್ಜಿ ಒಲೆ ಮುಂದೆ ಕೂತೇ ಹೇಳೋರು."

ಕಾಲ್ ಮುಗಿಸಿ ಬಂದ ಅಪ್ಪ, "ರಿಲ್ಯಾಕ್ಸ್ ಆಯ್ತಾ?" ಎಂದರು. ಅಮ್ಮ "ಹ್ಞೂಂ" ಎಂದು ಬೆಡ್‌ಶೀಟ್ ಕೊಡವಿ, ಫೋನನ್ನು ಬ್ಯಾಗಿಗೆ ಹಾಕಿದಳು.

ಹೌಗಾಂಗಿನ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಅವಳ ತೊಡೆಯ ಮೇಲಿನ ಬ್ಯಾಗಿನೊಳಗೆ ಅಲೆಗಳು ಇನ್ನೂ ಬಡಿಯುತ್ತಿದ್ದವು.

"ಅಮ್ಮಾ, ಆಫ್ ಮಾಡೋಕೆ ಮರೆತಿದ್ದೀಯ," ಎಂದೆ.

ಅವಳು ಎರಡೂ ಕೈಯಿಂದ ಬ್ಯಾಗನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.