ದಾಟಿಸುವ ಶಾಸ್ತ್ರ

ಜೂಬಾ ಭತ್ತದ ಕಣದಲ್ಲೇ ಅಂಗಾತ ಮಲಗಿಬಿಟ್ಟಳು. ಗುಲಾಮಳಾದ ಅವಳನ್ನು ತೋಟದ ದೊರೆ ಮಾರಿದ್ದ, ಅವಳ ಹಸುಗೂಸನ್ನು ಉಳಿಸಿಕೊಂಡಿದ್ದ. ಅವಳನ್ನು ಒಯ್ಯಲು ಚಾರ್ಲ್ಸ್‌ಟೌನ್ ಪಟ್ಟಣದ ಗಾಡಿ ಗದ್ದೆಯ ಏರಿಯ ಮೇಲೆ ಕಾಯುತ್ತಿತ್ತು.

"ಅಜ್ಜೀ, ಮಿಂಗೋನ ನನ್ನ ಮೇಲಿಂದ ದಾಟಿಸು."

ಮಗುವನ್ನೆತ್ತಿಕೊಂಡಿದ್ದ ಹಾಗರ್ ಅಜ್ಜಿ ಬೆಚ್ಚಿದಳು. "ಬಿಡ್ತು ಅನ್ನೇ! ಅದು ಸತ್ತ ತಾಯಿಯ ಹೆಣದ ಪೆಟ್ಟಿಗೆ ಮೇಲೆ ಮಾಡೋದು, ಅವಳು ಮಗೂನ ಹುಡುಕ್ಕೊಂಡು ಬರಬಾರದು ಅಂತ. ನೀನು ಬದುಕಿದೀಯ ಕಣೇ."

"ಇವನ ಪಾಲಿಗೆ ಇನ್ನೆಲ್ಲಿ ಬದುಕಿದೀನಿ? ಬೇಗ ಮಾಡು, ಗಾಡಿಯವನು ಕೂಗ್ತಿದಾನೆ."

ಜೂಬಾ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು. ಅಜ್ಜಿ ಆಚೆ ಬದಿಗೆ ನಿಂತಿದ್ದ ಹೆಂಗಸೊಬ್ಬಳ ಕೈಗೆ ಮಗುವನ್ನು ದಾಟಿಸತೊಡಗಿದಳು. ಇದೇನೋ ಆಟವೆಂದು ಮಿಂಗೋ ನಡುವೆಯೇ ಕೇಕೆ ಹಾಕಿದ.

ಜೂಬಾ ಕಣ್ಣು ತೆರೆಯಲಿಲ್ಲ. ಹೆಣದಂತೆ ಮಲಗಿದ್ದವಳ ಎದೆಯಿಂದ ಹಾಲು ಒಸರಿ ಅಂಗಿ ತೊಯ್ದುಹೋಯಿತು.